ಬಾಟಲಿಯ ಬಾಯಿಗೆ ಬಲೂನು: ಬಿಸಿ ಗಾಳಿ ಮೇಲೇರುವುದರಿಂದ ಉಬ್ಬುತ್ತದೆಯೇ?

ಹಾಸನದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಮನೆಯಲ್ಲೇ ಒಂದು ವಿಜ್ಞಾನ ಪ್ರಯೋಗ ಮಾಡಿ, ಕಂಡದ್ದನ್ನೂ ಅದರ ಕಾರಣವನ್ನೂ ಪುಸ್ತಕದಲ್ಲಿ ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದರಿಂದ ಕಳೆದ ಭಾನುವಾರ ನಾವಿಬ್ಬರೂ ಅಡುಗೆಮನೆಯಲ್ಲಿ ಬಲೂನಿನ ಪ್ರಯೋಗ ಮಾಡಿದೆವು.

ಹಣ್ಣಿನ ರಸ ಬಂದಿದ್ದ ಮುಕ್ಕಾಲು ಲೀಟರಿನ ಗಾಜಿನ ಬಾಟಲಿಯೊಂದನ್ನು ತೊಳೆದು, ಬಿಸಿಲಿನಲ್ಲಿ ಬೋರಲು ಹಾಕಿ ಚೆನ್ನಾಗಿ ಒಣಗಿಸಿಕೊಂಡಿದ್ದೆ. ಹೊಸ ಬಲೂನು ಬಿಗಿಯಾಗಿರುತ್ತದೆ ಎಂದು ಅದನ್ನು ಮೂರು ನಾಲ್ಕು ಸಲ ಊದಿ, ಗಾಳಿ ಬಿಟ್ಟು, ಸಡಿಲಿಸಿ ಬಾಟಲಿಯ ಬಾಯಿಗೆ ಹಾಕಿದೆವು. ಗಾಜು ಒಮ್ಮೆಲೇ ಬಿಸಿ ತಾಗಿ ಸೀಳಬಾರದೆಂದು ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಆಮೇಲೆ ಅದೇ ಪಾತ್ರೆಗೆ ಅಂಚಿನಿಂದ ನಿಧಾನವಾಗಿ ಬಿಸಿನೀರು ಸೇರಿಸುತ್ತಾ ಹೋದೆ. ಒಂದು ಬದಿಗೆ ವಾಲಿಕೊಂಡಿದ್ದ ಬಲೂನು ಮೊದಲು ಕುತ್ತಿಗೆಯ ಹತ್ತಿರ ಸ್ವಲ್ಪ ದಪ್ಪವಾಯಿತು. ನಂತರ ಅದರ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡು ನೆಟ್ಟಗೆ ನಿಂತಿತು. ಕೊನೆಗೆ ದೊಡ್ಡ ನಿಂಬೆಹಣ್ಣಿನಷ್ಟು ಉಬ್ಬಿ ಅಲ್ಲಿಗೇ ನಿಂತುಬಿಟ್ಟಿತು. ಬಾಟಲಿಯನ್ನು ಹೊರಗಿಟ್ಟು ಆರಲು ಬಿಟ್ಟಾಗ ಮತ್ತೆ ಮೊದಲಿನಂತೆ ಜೋತುಬಿದ್ದಿತು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕಾರಣ ಬರೆಯುವಾಗ, ಎಲ್ಲೋ ಓದಿದ್ದ ನೆನಪಿನಿಂದ, "ಬಿಸಿಯಾದ ಗಾಳಿ ಹಗುರವಾಗಿ ಮೇಲಕ್ಕೇರಿ ಬಲೂನಿನೊಳಗೆ ಸೇರುವುದರಿಂದ ಬಲೂನು ಉಬ್ಬುತ್ತದೆ" ಎಂದು ನಾನು ಹೇಳಿಕೊಟ್ಟೆ. ಅವಳು ಬರೆಯುವುದನ್ನು ನಿಲ್ಲಿಸಿ, "ಹಾಗಾದರೆ ಬಾಟಲಿಯನ್ನು ತಲೆಕೆಳಗಾಗಿ ಹಿಡಿದರೆ ಬಲೂನು ಉಬ್ಬಬಾರದಲ್ಲವೇನಮ್ಮಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ತಪ್ಪು ಕಾರಣವನ್ನು ಬರೆಸಿ ಕಳುಹಿಸಲು ಮನಸ್ಸು ಒಪ್ಪದ ಕಾರಣ ತಿಳಿದವರ ಮುಂದೆ ಈ ಪ್ರಶ್ನೆಯನ್ನು ಇಡುತ್ತಿದ್ದೇನೆ.

ಅರಸೀಕೆರೆಯ ಓದುಗ

ತಾವು ಹೇಳಿಕೊಟ್ಟಿರುವುದು ಸರಿಯೆಂದೇ ನನ್ನ ಭಾವನೆ. ಒಲೆಯ ಮೇಲಿನ ಹೊಗೆ ಮೇಲಕ್ಕೇ ಹೋಗುತ್ತದೆ. ಊದಿನಕಡ್ಡಿಯ ಹೊಗೆಯೂ ಹಾಗೆಯೇ. ಜನರನ್ನು ಹೊತ್ತು ಹಾರುವ ದೊಡ್ಡ ಬಲೂನುಗಳು ಮೇಲೇರುವುದು ಸಹ ಬಿಸಿ ಗಾಳಿಯಿಂದಲೇ. ಆದ್ದರಿಂದ ಬಾಟಲಿಯ ಮೇಲಿರುವ ಬಲೂನಿಗೆ ಬಿಸಿ ಗಾಳಿ ಹತ್ತುತ್ತದೆ ಎಂಬ ವಿವರಣೆಯಲ್ಲಿ ನನಗೆ ದೋಷ ಕಾಣುತ್ತಿಲ್ಲ.

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ಅಮ್ಮ, ತಮ್ಮ ಮಗಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಮತ್ತು ಅದು ಬರಿಯ ಪ್ರಶ್ನೆಯಲ್ಲ, ಪೂರ್ಣ ಪರೀಕ್ಷೆ. ದಯವಿಟ್ಟು ಅವಳು ಹೇಳಿದಂತೆಯೇ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಟವೆಲನ್ನು ಬಾಟಲಿಯ ಮೈಗೆ ಸುತ್ತಿದರೆ ಸಾಕು, ಸುರಿಯುವ ಅಪಾಯವಿರುವುದಿಲ್ಲ. ಟವೆಲನ್ನು ಹಿಂಡುವ ಕೆಲಸ ಮಾತ್ರ ದೊಡ್ಡವರದಾಗಿರಲಿ. ಫಲಿತಾಂಶವನ್ನು ನಾನು ಈಗಲೇ ಹೇಳುವುದಿಲ್ಲ.

ಅದಕ್ಕೂ ಮೊದಲು ಅರಸೀಕೆರೆಯವರ ಮಾತಿಗೆ ಒಂದು ವಿಷಯವನ್ನು ಸೇರಿಸುತ್ತೇನೆ. ಬಿಸಿ ಗಾಳಿ ಮೇಲೇರುತ್ತದೆ ಎಂಬುದು ನಿಜ. ಆದರೆ ಬಾಟಲಿಯೊಳಗಿನ ಬಿಸಿ ಗಾಳಿಯೆಲ್ಲ ಎದ್ದು ಬಲೂನಿಗೆ ಹೋಯಿತೆಂದು ಇಟ್ಟುಕೊಂಡರೆ, ಅದು ಬಿಟ್ಟುಹೋದ ಜಾಗವನ್ನು ಯಾವುದು ತುಂಬಿತು? ಬಾಟಲಿ ಮತ್ತು ಬಲೂನು ಸೇರಿ ಮುಚ್ಚಿದ ಒಂದೇ ಕೋಣೆ. ಹೊರಗಿನಿಂದ ಒಂದು ಚೂರು ಗಾಳಿಯೂ ಒಳಗೆ ಬರುವಂತಿಲ್ಲ. ಒಳಗಿನ ಗಾಳಿ ಮೇಲೆ ಕೆಳಗೆ ಎಷ್ಟೇ ಸುತ್ತಾಡಿದರೂ, ಆ ಸುತ್ತಾಟದಿಂದ ಒಟ್ಟು ಗಾತ್ರ ಹೆಚ್ಚುವುದಿಲ್ಲ. ಬಲೂನು ಉಬ್ಬಿದೆಯೆಂದರೆ ಒಟ್ಟು ಗಾತ್ರವೇ ಹೆಚ್ಚಿದೆ ಎಂದು ಅರ್ಥ. ಗಾಳಿಯ ಅಣುಗಳು ಬಿಸಿಯಾದಾಗ ಹೆಚ್ಚು ವೇಗದಿಂದ ಓಡಾಡುತ್ತಾ ಗೋಡೆಗಳಿಗೆ ಜೋರಾಗಿ ಬಡಿಯುತ್ತವೆ. ಗಾಜಿನ ಗೋಡೆ ಜಗ್ಗುವುದಿಲ್ಲ. ರಬ್ಬರಿನ ಗೋಡೆ ಜಗ್ಗುತ್ತದೆ. ಅದು ಮೇಲಿದ್ದರೆ ಮೇಲಕ್ಕೆ, ಪಕ್ಕದಲ್ಲಿದ್ದರೆ ಪಕ್ಕಕ್ಕೆ.

ಇಷ್ಟನ್ನು ಬರೆದ ಮೇಲೆ ಫಲಿತಾಂಶವನ್ನು ಹೇಳಿದಂತೆಯೇ ಆಯಿತು. ಆದರೂ ಮಾಡಿ ನೋಡಿರಿ.

ಹಾಸನದ ತಾಯಿ

ಮೇಷ್ಟ್ರೇ, ಇಂದು ಸಂಜೆ ಮಾಡಿದೆವು. ನಾನು ಬಾಟಲಿಯನ್ನು ಬುಡ ಮೇಲಾಗುವಂತೆ ಹಿಡಿದುಕೊಂಡೆ. ಬಲೂನು ಕೆಳಗೆ ಜೋತಾಡುತ್ತಿತ್ತು. ಟವೆಲು ಸುತ್ತಿದ ಮೇಲೆ ಅರ್ಧ ನಿಮಿಷ ಏನೂ ಕಾಣಲಿಲ್ಲ. ಮಗಳು ನೆಲದ ಮೇಲೆ ಕುಳಿತು ಬಲೂನಿನ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತಿದ್ದಳು. "ಮಡಿಕೆ ಬಿಚ್ಚಿಕೊಂಡಿತು" ಎಂದು ಮೊದಲು ಅವಳೇ ಹೇಳಿದಳು. ನೋಡುತ್ತಿದ್ದಂತೆ ಬಲೂನು ನೆಲದ ಕಡೆಗೇ ಉಬ್ಬಿತು. ಟವೆಲನ್ನು ಇನ್ನೊಮ್ಮೆ ಬಿಸಿ ಮಾಡಿ ಸುತ್ತಿದಾಗ ಮೊದಲ ದಿನದಷ್ಟೇ ಗಾತ್ರಕ್ಕೆ ಬಂದಿತು. ಬಾಟಲಿಯನ್ನು ಅಡ್ಡಲಾಗಿ ಮಲಗಿಸಿಯೂ ನೋಡಿದೆವು, ಆಗಲೂ ಉಬ್ಬಿತು.

ಪುಸ್ತಕದಲ್ಲಿದ್ದ ಮೊದಲಿನ ವಾಕ್ಯವನ್ನು ಹೊಡೆದುಹಾಕಿದ್ದಾಳೆ. ಅಳಿಸಬೇಡ, ಒಂದು ಗೆರೆ ಎಳೆದು ಅದರ ಕೆಳಗೆ ಹೊಸದನ್ನು ಬರೆ ಎಂದು ನಾನೇ ಹೇಳಿದೆ.

ಅರಸೀಕೆರೆಯ ಓದುಗ

ಒಪ್ಪಿದೆ. ತಲೆಕೆಳಗಾದ ಬಾಟಲಿಯ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಆದರೆ ಹಾರುವ ಬಲೂನಿನ ವಿಷಯವೇನು, ಮೇಷ್ಟ್ರೇ? ಅಲ್ಲಿ ಬಿಸಿ ಗಾಳಿ ಮೇಲೇರುವುದು ನಿಜವಲ್ಲವೇ?

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ನಿಜ. ಅಲ್ಲಿಯೂ ಮೊದಲು ಆಗುವುದು ಹಿಗ್ಗುವಿಕೆಯೇ. ಹಾರುವ ಬಲೂನಿನ ಬಾಯಿ ಕೆಳಗೆ ತೆರೆದಿರುತ್ತದೆ. ಒಳಗಿನ ಗಾಳಿ ಹಿಗ್ಗಿದಾಗ ಹೆಚ್ಚಾದ ಪಾಲು ಆ ಬಾಯಿಯಿಂದ ಹೊರಗೆ ಹೋಗುತ್ತದೆ. ಉಳಿದ ಗಾಳಿ ಅಷ್ಟೇ ಜಾಗದಲ್ಲಿ ಕಡಿಮೆ ತೂಕದ್ದಾಗುತ್ತದೆ, ಆದ್ದರಿಂದ ಸುತ್ತಲಿನ ತಣ್ಣನೆಯ ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಹಿಗ್ಗುವುದು ಕಾರಣ, ಏರುವುದು ಪರಿಣಾಮ. ನಮ್ಮ ಬಾಟಲಿಯ ವಿವರಣೆಯಲ್ಲಿ ಪರಿಣಾಮವನ್ನೇ ಕಾರಣದ ಜಾಗದಲ್ಲಿ ಕೂರಿಸಲಾಗಿತ್ತು.

ಈ ಎರಡು ಸಂಗತಿಗಳು ಇತಿಹಾಸದಲ್ಲಿಯೂ ಅಕ್ಕಪಕ್ಕದಲ್ಲೇ ಇವೆ. ಫ್ರಾನ್ಸಿನ ಮಾಂಗಾಲ್ಫಿಯೇ ಸಹೋದರರ ಬಿಸಿಗಾಳಿ ಬಲೂನಿನಲ್ಲಿ ಮನುಷ್ಯರು ಮೊದಲ ಬಾರಿಗೆ ಹಾರಿದ್ದು 1783ರ ನವೆಂಬರ್ 21ರಂದು. ಹತ್ತೇ ದಿನಗಳ ನಂತರ, ಡಿಸೆಂಬರ್ 1ರಂದು, ಜಾಕ್ ಚಾರ್ಲ್ಸ್ ಹೈಡ್ರೋಜನ್ ತುಂಬಿದ ಬಲೂನಿನಲ್ಲಿ ಪ್ಯಾರಿಸ್ಸಿನಿಂದ ಹಾರಿದರು. ಅದೇ ಚಾರ್ಲ್ಸ್ 1787ರ ಸುಮಾರಿಗೆ ಅನಿಲಗಳು ಬಿಸಿಗೆ ಹಿಗ್ಗುವ ಬಗೆಯನ್ನು ಪರಿಶೀಲಿಸಿದರೂ ಅದನ್ನು ಪ್ರಕಟಿಸಲಿಲ್ಲ. 1802ರಲ್ಲಿ ಫ್ರಾನ್ಸಿನ ಇನ್ನೊಬ್ಬ ವಿಜ್ಞಾನಿ ಗೇ-ಲುಸ್ಸಾಕ್ ತಮ್ಮ ಅಳತೆಗಳನ್ನು ಪ್ರಕಟಿಸುವಾಗ ಚಾರ್ಲ್ಸ್ ಅವರ ಹೆಸರನ್ನು ಸ್ಮರಿಸಿದ್ದರಿಂದ ಇಂದಿಗೂ ಅದು ಚಾರ್ಲ್ಸ್ ನಿಯಮವಾಗಿ ಉಳಿದಿದೆ. ಇನ್ನೊಬ್ಬರ ಕೆಲಸವನ್ನು ಹೆಸರು ಹೇಳಿ ನೆನೆದ ಗೇ-ಲುಸ್ಸಾಕ್ ಅವರ ಬಗ್ಗೆ ಪಾಠ ಮಾಡುವಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಬೇಲೂರಿನ ಪೋಷಕ

ನಮ್ಮ ಮನೆಯಲ್ಲಿ ಈ ಪ್ರಯೋಗ ಎರಡು ಸಲ ಕೆಟ್ಟಿತು. ಕಾರಣ ತಿಳಿಸಬೇಕೆಂದು ಕೋರುತ್ತೇನೆ. ಗಾಜು ಒಡೆಯಬಹುದೆಂಬ ಭಯದಿಂದ ಮೊದಲು ಮಗನ ಸ್ಟೀಲ್ ನೀರಿನ ಬಾಟಲಿಗೆ ಬಲೂನು ಹಾಕಿ ಬಿಸಿನೀರಿನಲ್ಲಿ ನಿಲ್ಲಿಸಿದೆವು. ಹತ್ತು ನಿಮಿಷ ಕಾದರೂ ಬಲೂನು ಅಲುಗಾಡಲಿಲ್ಲ. ಆಮೇಲೆ ಅಂಗಡಿಯಲ್ಲಿ ಸಿಗುವ ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದುಕೊಂಡೆವು. ಕುದಿಯುವ ನೀರು ತಾಗಿದ ಕೂಡಲೇ ಅದು ಮುರುಟಿಕೊಂಡು ಸೊಟ್ಟಗಾಯಿತು. ಬಲೂನು ಉಬ್ಬಿದ್ದು ಬಿಸಿಯಿಂದಲೋ, ಬಾಟಲಿ ಮುದುಡಿದ್ದರಿಂದಲೋ ತಿಳಿಯಲಿಲ್ಲ.

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ತಮ್ಮ ಮಗನ ಬಾಟಲಿ ಬಹುಶಃ ಎರಡು ಗೋಡೆಗಳ ಫ್ಲಾಸ್ಕ್ ಬಗೆಯದು. ಎರಡು ಗೋಡೆಗಳ ನಡುವೆ ಗಾಳಿಯನ್ನು ತೆಗೆದಿರುವುದರಿಂದ ಬಿಸಿ ದಾಟಲು ಬಹಳ ಹೊತ್ತು ಬೇಕು. ಒಳಗಿನ ಕಾಫಿಯನ್ನು ಆರಗೊಡದ ಗುಣವೇ ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಒಂದೇ ಪದರದ ಸ್ಟೀಲ್ ಬಾಟಲಿಯಾದರೆ ಗಾಜಿಗಿಂತ ಬೇಗ ಕೆಲಸವಾಗುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿಗಳು ಸುಮಾರು 70 ಡಿಗ್ರಿಯಲ್ಲಿ ಮೆತ್ತಗಾಗುತ್ತವೆ. ಅವುಗಳಿಗೆ ಬೆರಳು ತಾಳುವಷ್ಟು ಬಿಸಿಯ ನೀರು ಸಾಕು.

ಮೂಡಿಗೆರೆಯ ತೋಟದ ಮನೆ

ನಾವು ಬಾಟಲಿಯನ್ನು ಬಚ್ಚಲ ಹಂಡೆಯ ನೀರಿನಲ್ಲಿ ಅದ್ದಿ ಮಾಡಿದೆವು. ನಮ್ಮ ಬಲೂನು ನಿಂಬೆಹಣ್ಣಿನಷ್ಟಲ್ಲ, ಮೂಸಂಬಿಗಿಂತ ದೊಡ್ಡದಾಗಿ ಉಬ್ಬಿತು. ಬಾಟಲಿ ಅಷ್ಟೇ ದೊಡ್ಡದು, ಮುಕ್ಕಾಲು ಲೀಟರಿನದೇ. ಒಂದೇ ವ್ಯತ್ಯಾಸವೆಂದರೆ ತೊಳೆದ ಬಾಟಲಿಯನ್ನು ನಾವು ಒಣಗಿಸಿರಲಿಲ್ಲ. ತಳದಲ್ಲಿ ಎರಡು ಮೂರು ಚಮಚ ನೀರು ಉಳಿದಿತ್ತು. ಅಷ್ಟು ನೀರಿನಿಂದ ಇಷ್ಟು ವ್ಯತ್ಯಾಸ ಸಾಧ್ಯವೇ?

ಕೇಳಲು ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಉಬ್ಬು ರೊಟ್ಟಿ ಮಾಡುವಾಗ ಹಂಚಿನ ಮೇಲೆ ಎರಡೂ ಬದಿ ಬೇಯಿಸಿ ಆಮೇಲೆ ಕೆಂಡದ ಮೇಲಿಟ್ಟರೆ ಮಾತ್ರ ಅದು ಉಬ್ಬುತ್ತದೆ. ಹಿಟ್ಟು ಒಣಗಿದ್ದರೆ ಎಷ್ಟು ಕೆಂಡವಿದ್ದರೂ ಉಬ್ಬುವುದಿಲ್ಲ, ಎಲ್ಲಾದರೂ ಒಂದು ತೂತಿದ್ದರೂ ಉಬ್ಬುವುದಿಲ್ಲ. ರೊಟ್ಟಿಗೂ ಬಲೂನಿಗೂ ಸಂಬಂಧವಿದೆ ಎಂದು ಅತ್ತೆಯವರು ಹೇಳುತ್ತಿದ್ದಾರೆ.

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ತಮ್ಮ ಅತ್ತೆಯವರ ಮಾತು ನೂರಕ್ಕೆ ನೂರು ಸರಿ.

ಒಣ ಗಾಳಿ ಬಿಸಿಗೆ ಹಿಗ್ಗುವುದು ನಿಜವಾಗಿಯೂ ಸ್ವಲ್ಪವೇ. ಕೋಣೆಯ ತಾಪಮಾನ 22 ಡಿಗ್ರಿ, ನೀರು 70 ಡಿಗ್ರಿ ಎಂದುಕೊಳ್ಳೋಣ. ಒತ್ತಡ ಬದಲಾಗದಿದ್ದರೆ ಅನಿಲದ ಗಾತ್ರ ತಾಪಮಾನದ ಅನುಪಾತದಲ್ಲೇ ಹೆಚ್ಚುತ್ತದೆ ಎಂಬುದೇ ಚಾರ್ಲ್ಸ್ ನಿಯಮ. ಅದರ ಲೆಕ್ಕವನ್ನು ಕೆಲ್ವಿನ್ ಎಂಬ ತಾಪಮಾನದ ಅಳತೆಯಲ್ಲಿ ಮಾಡಬೇಕಾದ್ದರಿಂದ ಎರಡಕ್ಕೂ 273 ಸೇರಿಸಿದರೆ 295 ಮತ್ತು 343 ಬರುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.16. ಅಂದರೆ ನೂರಕ್ಕೆ ಹದಿನಾರು ಪಾಲು ಹೆಚ್ಚಳ. ಮುಕ್ಕಾಲು ಲೀಟರಿಗೆ ಸುಮಾರು 120 ಮಿಲಿಲೀಟರು, ಒಂದು ಸಣ್ಣ ಲೋಟ ಕಾಫಿಯಷ್ಟು. ಹಾಸನದ ಮನೆಯಲ್ಲಿ ಬಲೂನು ನಿಂಬೆಹಣ್ಣಿನ ಗಾತ್ರದಲ್ಲಿ ನಿಂತಿದ್ದು ಇದೇ ಕಾರಣದಿಂದ.

ಒಳಗೆ ನೀರಿದ್ದರೆ ಕಥೆಯೇ ಬೇರೆ. ನೀರು ಕುದಿಯದೆಯೂ ಆವಿಯಾಗುತ್ತಿರುತ್ತದೆ, ಮತ್ತು ಬಿಸಿ ಹೆಚ್ಚಿದಂತೆ ಆ ಆವಿಯ ಒತ್ತಡ ಬಹಳ ವೇಗವಾಗಿ ಏರುತ್ತದೆ. ಒತ್ತಡವನ್ನು ಅಳೆಯುವ ಕಿಲೋಪಾಸ್ಕಲ್ ಮಾನದಲ್ಲಿ ಹೇಳುವುದಾದರೆ, 22 ಡಿಗ್ರಿಯಲ್ಲಿ ಅದು ಮೂರಕ್ಕಿಂತಲೂ ಕಡಿಮೆ. 70 ಡಿಗ್ರಿಯಲ್ಲಿ ಸುಮಾರು 31. ನಮ್ಮ ಮಲೆನಾಡಿನ ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಸುಮಾರು 90 ಕಿಲೋಪಾಸ್ಕಲ್. ಹಾಗಾಗಿ ಬಲೂನನ್ನು ಒಳಗಿನಿಂದ ತಳ್ಳುವ ಕೆಲಸದ ಮೂರನೆಯ ಒಂದು ಪಾಲನ್ನು ಆವಿಯೇ ವಹಿಸಿಕೊಳ್ಳುತ್ತದೆ. ಬಾಟಲಿಯ ಗಾಳಿಯೆಲ್ಲ ಪೂರ್ತಿ ಬಿಸಿಯಾದರೆ ಒಟ್ಟು ಗಾತ್ರ ಅರ್ಧಕ್ಕಿಂತ ಹೆಚ್ಚು ಏರಬಲ್ಲದು. ರೊಟ್ಟಿಯಲ್ಲಿ ಆವಿಯ ಪಾಲು ಇನ್ನೂ ದೊಡ್ಡದು: ಕೆಂಡದ ಬಿಸಿಗೆ ಒಳಗಿನ ತೇವ ಕುದಿದು ಹಬೆಯಾಗುತ್ತದೆ. ಒಂದು ಗ್ರಾಂ ನೀರು ಹಬೆಯಾದರೆ ಒಂದೂವರೆ ಲೀಟರಿಗೂ ಮೀರಿದ ಜಾಗ ಬೇಕು. ತೇವವಿಲ್ಲದಿದ್ದರೆ ಹಬೆಯಿಲ್ಲ, ತೂತಿದ್ದರೆ ಹಬೆ ನಿಲ್ಲುವುದಿಲ್ಲ.

ಆದ್ದರಿಂದ ಮಕ್ಕಳಿಗೆ ಗಾಳಿಯ ಹಿಗ್ಗುವಿಕೆಯನ್ನು ತೋರಿಸಬೇಕೆಂದಿದ್ದರೆ ಬಾಟಲಿಯನ್ನು ಚೆನ್ನಾಗಿ ಒಣಗಿಸಿಕೊಳ್ಳಬೇಕು. ಬಾಟಲಿಯೊಳಗೇ ಬಿಸಿನೀರು ಸುರಿದು ಬಲೂನು ಹಾಕುವ ವಿಧಾನದಲ್ಲಿ ನೋಟ ಚೆನ್ನಾಗಿರುತ್ತದೆ, ಆದರೆ ಎರಡು ಕಾರಣಗಳು ಬೆರೆತುಹೋಗುತ್ತವೆ.

ಸಕಲೇಶಪುರದ ಪ್ರಯಾಣಿಕ

ಇದೇ ಸಂದರ್ಭದಲ್ಲಿ ಒಂದು ಸಂದೇಹ. ಉಪ್ಪಿನಂಗಡಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಷ್ಟರಲ್ಲಿ ದಿಂಬಿನಂತೆ ಬಿಗಿಯಾಗಿರುತ್ತದೆ. ವಾಹನದ ಒಳಗಿನ ಬಿಸಿಯಿಂದ ಹೀಗಾಗುತ್ತದೆ ಎಂದು ಇಷ್ಟು ದಿನ ತಿಳಿದಿದ್ದೆ. ಆದರೆ ಘಟ್ಟ ಹತ್ತಿದಂತೆ ತಂಪಾಗುತ್ತದಲ್ಲವೇ?

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ತಾವೇ ಸರಿಯಾದ ಎಳೆಯನ್ನು ಹಿಡಿದಿದ್ದೀರಿ. ಅಲ್ಲಿ ಕೆಲಸ ಮಾಡುವುದು ಬಿಸಿಯಲ್ಲ, ಹೊರಗಿನ ಒತ್ತಡದ ಇಳಿಕೆ. ಕರಾವಳಿಯಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲಿ ವಾತಾವರಣದ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಕಡಿಮೆಯಾಗುತ್ತದೆ. ತಂಪಿನಿಂದ ಪೊಟ್ಟಣದೊಳಗಿನ ಅನಿಲ ಕೊಂಚ ಕುಗ್ಗುವುದೂ ನಿಜ, ಆದರೆ ಅದು ಒತ್ತಡದ ಪರಿಣಾಮಕ್ಕಿಂತ ಚಿಕ್ಕದು.

ನಿವೃತ್ತ ಪ್ರಯೋಗಾಲಯ ಸಹಾಯಕ, ಕಡೂರು

ಎಲ್ಲರೂ ಗಾಳಿಯ ಬಗ್ಗೆ ಬರೆದಿದ್ದೀರಿ. ರಬ್ಬರಿನ ಬಗ್ಗೆ ನನ್ನದೊಂದು ಮಾತು. ಊದದ ಬಲೂನೊಂದನ್ನು ಎರಡೂ ಕೈಗಳಿಂದ ಹಿಡಿದು, ಅದರ ನಡುಭಾಗವನ್ನು ಮೇಲ್ದುಟಿಗೆ ತಾಗಿಸಿಕೊಂಡು ಥಟ್ಟನೆ ಎಳೆಯಿರಿ. ತುಟಿಗೆ ಬೆಚ್ಚಗೆ ತಾಗುತ್ತದೆ. ಹಾಗೆಯೇ ಎಳೆದು ಹಿಡಿದು ಕಾಲು ನಿಮಿಷ ಆರಲು ಬಿಟ್ಟು, ನಂತರ ಥಟ್ಟನೆ ಸಡಿಲಿಸಿ ಮತ್ತೆ ತಾಗಿಸಿದರೆ ತಣ್ಣಗಿರುತ್ತದೆ. ಬೆರಳಿಗಿಂತ ತುಟಿಗೆ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಇಂಗ್ಲೆಂಡಿನ ಜಾನ್ ಗಾಫ್ ಎಂಬ ದೃಷ್ಟಿಹೀನ ವಿದ್ವಾಂಸರು ಇದನ್ನು ಗುರುತಿಸಿ 1805ರಲ್ಲಿ ಪ್ರಕಟಿಸಿದರು. ಇದರ ಇನ್ನೊಂದು ಮುಖವೆಂದರೆ, ಎಳೆದು ಹಿಡಿದ ರಬ್ಬರಿಗೆ ಬಿಸಿ ತಾಗಿಸಿದರೆ ಅದು ಕಬ್ಬಿಣದಂತೆ ಹಿಗ್ಗುವುದಿಲ್ಲ, ಬದಲಿಗೆ ಕುಗ್ಗಲು ನೋಡುತ್ತದೆ. ಹೀಗಾಗಿ ಬಿಸಿಗೆ ರಬ್ಬರು ಸಡಿಲವಾಗಿ ಬಲೂನು ದೊಡ್ಡದಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಬಲೂನು ಉಬ್ಬುವುದು ರಬ್ಬರಿನ ಆ ಎಳೆತವನ್ನು ಮೀರಿಯೇ.

ಊದದ ಅಥವಾ ಹರಿದ ಬಲೂನಿನ ಚೂರುಗಳು ಪುಟ್ಟ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಗಂಟಲಿಗೆ ಸಿಕ್ಕರೆ ಪ್ರಾಣಾಪಾಯ.

ಹಾಸನದ ತಾಯಿ

ತುಟಿಯ ಪ್ರಯೋಗವನ್ನು ಮನೆಯವರೆಲ್ಲರೂ ಮಾಡಿದೆವು. ಬೆಚ್ಚಗಾಗುವುದು ಎಲ್ಲರಿಗೂ ತಿಳಿಯಿತು. ತಣ್ಣಗಾಗುವುದು ಮಗಳಿಗೆ ಮೊದಲು ತಿಳಿಯಿತು.

ಮೇಷ್ಟ್ರೇ, ಅವಳಿಗೀಗ "ನೂರಕ್ಕೆ ಹದಿನಾರು" ನಿಜವೇ ಎಂದು ಅಳೆಯಬೇಕಂತೆ. ಬಲೂನಿನ ಗಾತ್ರವನ್ನು ಅಳೆಯುವುದು ಹೇಗೆ? ನಮ್ಮಲ್ಲಿ ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಇದೆ.

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ಜ್ವರದ ಥರ್ಮಾಮೀಟರನ್ನು ಬಿಸಿನೀರಿಗೆ ಖಂಡಿತ ಹಾಕಬೇಡಿರಿ. ಅಳತೆಗೆ ಬಲೂನನ್ನೂ ಬಿಟ್ಟುಬಿಡಿರಿ. ರಬ್ಬರಿನ ಎಳೆತದಿಂದ ಲೆಕ್ಕ ಕೆಡುತ್ತದೆ.

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಹೆಚ್ಚಿದಂತೆ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆಯಾಗುತ್ತದೆ. ಹಾಸನ ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿರುವುದರಿಂದ ತಮ್ಮ ಮನೆಯ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ನಲ್ಲಿಯ ನೀರು ಬೆರೆಸಿದರೆ 72 ಡಿಗ್ರಿ ಬರುತ್ತದೆ; ಪಾತ್ರೆ ಹೀರಿಕೊಳ್ಳುವುದನ್ನು ಕಳೆದರೆ 70 ಎಂದು ಹಿಡಿಯಬಹುದು. ಒಣ ಬಾಟಲಿಯನ್ನು, ಬಾಯಿಯೊಳಗೆ ನೀರು ಹೋಗದಂತೆ, ಕುತ್ತಿಗೆಯವರೆಗೆ ಅದರಲ್ಲಿ ಐದು ನಿಮಿಷ ಮುಳುಗಿಸಿಡಿ. ಆಮೇಲೆ ಬಾಯಿಯನ್ನು ಬಿರಡೆಯಿಂದ ಮುಚ್ಚಿ, ಹೊರತೆಗೆದು, ಒಂದೆರಡು ನಿಮಿಷ ಆರಿದ ಮೇಲೆ ತಣ್ಣೀರಿನ ಬಕೆಟ್ಟಿನಲ್ಲಿ ತಲೆಕೆಳಗಾಗಿ ಮುಳುಗಿಸಿ, ನೀರಿನೊಳಗೇ ಬಿರಡೆ ತೆಗೆಯಿರಿ. ಗಾಳಿ ಕುಗ್ಗಿದಷ್ಟು ನೀರು ಒಳಗೆ ಬರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮುಚ್ಚಿ ಹೊರತೆಗೆದು ಆ ನೀರನ್ನು ಅಳೆಯಿರಿ.

ಹಾಸನದ ತಾಯಿ

ಮಾಡಿದೆವು. ಬಿರಡೆ ತೆಗೆದ ಕ್ಷಣದಲ್ಲಿ ನೀರು ತಾನಾಗಿಯೇ ಬಾಟಲಿಯೊಳಗೆ ಏರಿದ್ದನ್ನು ನೋಡಿ ನನಗೇ ಮೈ ಜುಮ್ಮೆಂದಿತು. ಔಷಧದ ಅಳತೆ ಲೋಟದಲ್ಲಿ ಹತ್ತು ಹತ್ತು ಮಿಲಿಲೀಟರು ಎಣಿಸಿದೆವು. ಬಾಟಲಿಯಲ್ಲಿ ಕಂಠಪೂರ್ತಿ 760 ಮಿಲಿಲೀಟರು ಹಿಡಿಯುತ್ತದೆ. ಒಳಗೆ ಬಂದ ನೀರು 98.

ವಿಜ್ಞಾನದ ಮೇಷ್ಟ್ರು, ಚಿಕ್ಕಮಗಳೂರು

ಈ ಸಲ ಬಾಟಲಿಯ ತುಂಬ ಇದ್ದದ್ದು 70 ಡಿಗ್ರಿಯ ಗಾಳಿಯಾದ್ದರಿಂದ 760ನ್ನು 343ರಿಂದ ಭಾಗಿಸಿ 48ರಿಂದ ಗುಣಿಸಬೇಕು. ಆ ಲೆಕ್ಕದಂತೆ 106 ಬರಬೇಕಿತ್ತು. ಅಡುಗೆಮನೆಯ ಅಳತೆಗೆ 98 ಬಹಳ ಚೆನ್ನಾಗಿದೆ. ಈಗ ಇನ್ನೊಂದು ಹೆಜ್ಜೆ. 70ರಿಂದ 22ಕ್ಕೆ, ಅಂದರೆ 48 ಡಿಗ್ರಿ ತಣ್ಣಗಾದಾಗ 98 ಮಿಲಿಲೀಟರು ಕುಗ್ಗಿತು, ಅಂದರೆ ಡಿಗ್ರಿಗೆ ಎರಡಕ್ಕಿಂತ ತುಸು ಹೆಚ್ಚು. ಇದೇ ದರದಲ್ಲಿ ಕುಗ್ಗುತ್ತಾ ಹೋದರೆ 760 ಮಿಲಿಲೀಟರು ಸೊನ್ನೆಯಾಗಲು 70ರಿಂದ ಸುಮಾರು 372 ಡಿಗ್ರಿ ಕೆಳಗಿಳಿಯಬೇಕು. −302 ಡಿಗ್ರಿ ಬರುತ್ತದೆ. ನಿಜವಾದ ಗಾಳಿ ಅಷ್ಟು ದೂರ ಹೋಗುವ ಮೊದಲೇ ದ್ರವವಾಗುತ್ತದೆ, ಆದರೆ ಲೆಕ್ಕದ ಗೆರೆ ಮುಟ್ಟುವ ಆ ಜಾಗಕ್ಕೇ ನಿರಪೇಕ್ಷ ಶೂನ್ಯವೆಂದು ಹೆಸರು. ಅದರ ಒಪ್ಪಿತ ಬೆಲೆ −273.15.

ಇನ್ನೊಮ್ಮೆ ಮಾಡುವಾಗ ಬಾಟಲಿಯ ಒಳಗಿನ ನೀರಿನ ಮಟ್ಟ ಮತ್ತು ಬಕೆಟ್ಟಿನ ನೀರಿನ ಮಟ್ಟ ಸಮವಾಗುವಂತೆ ಹಿಡಿದು ಆಮೇಲೆ ಬಿರಡೆ ಹಾಕಿರಿ. ಬಿಸಿನೀರು ಕುತ್ತಿಗೆಯ ಅಂಚಿನವರೆಗೂ ಇರಲಿ.

ಹಾಸನದ ತಾಯಿ

ಮೇಷ್ಟ್ರೇ, ಮಟ್ಟ ಸರಿ ಮಾಡಿ ಮತ್ತೆ ಅಳೆದೆವು. ಈ ಸಲ 103 ಬಂದಿತು. ಲೆಕ್ಕ ಅವಳೇ ಹಾಕಿದಳು: −284. ಪುಸ್ತಕದಲ್ಲಿ ಎರಡು ಸಂಖ್ಯೆಗಳನ್ನೂ ಬರೆದು, ಪಕ್ಕದಲ್ಲಿ ತಲೆಕೆಳಗಾದ ಬಾಟಲಿಯ ಚಿತ್ರ ಬರೆದಿದ್ದಾಳೆ. ಬಾಟಲಿಯನ್ನು ತೊಳೆದು ಮತ್ತೆ ಬಿಸಿಲಿಗೆ ಬೋರಲು ಹಾಕಿದ್ದೇವೆ, ಏಕೆಂದರೆ ನಾಳೆ ಪಕ್ಕದ ಮನೆಯ ಮಕ್ಕಳೂ ಬರುತ್ತಾರೆ.